ಠಾಣೆಯ ಮೇಜಿನ ಮೇಲಿದ್ದ ಅನ್ನ ತಿಂದ ಬಗ್ಗೆ ಜಿಪ್ಪಕ್ಕ ಕೊಟ್ಟ ಹೇಳಿಕೆ

ಹೆಸರು: ಗುರುತಿನ ಚೀಟಿಯಲ್ಲಿರುವುದನ್ನು ರೈಟರ್ ಸಾಹೇಬರು ಬೇರೆ ಹಾಳೆಯಲ್ಲಿ ಬರೆದುಕೊಂಡಿದ್ದಾರೆ. ಆ ಹೆಸರಿನಿಂದ ಕೂಗಿದರೆ ನಾನೇ ತಿರುಗಿ ನೋಡುವುದಿಲ್ಲ. ಎಲ್ಲರೂ ಕರೆಯುವುದು ಜಿಪ್ಪಕ್ಕ ಎಂದು. ವಯಸ್ಸು: 54. ಕಸುಬು: ಬ್ಯಾಗು, ಸೂಟ್‌ಕೇಸು, ಜಿಪ್ಪು ರಿಪೇರಿ. ವಾಸ: ಬಸ್ ನಿಲ್ದಾಣದ ಹಿಂದಿನ ಬೀದಿ, ಅಂಗಡಿಯ ಮೇಲಿನ ಮನೆ, ಅಕ್ಕನ ಜೊತೆ.

ಈ ದಿನ ಠಾಣೆಯಲ್ಲಿ ಜಪ್ತಿ ಮಾಡಿ ಮೇಜಿನ ಮೇಲಿಟ್ಟಿದ್ದ ಸ್ಟೀಲ್ ಡಬ್ಬಿಯಿಂದ ಅನ್ನ ತೆಗೆದು ತಿಂದದ್ದು ಯಾಕೆ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದ್ದಕ್ಕೆ, ಯಾರ ಒತ್ತಾಯವೂ ಇಲ್ಲದೆ, ಹೊಟ್ಟೆ ನೆಟ್ಟಗಿರುವಾಗಲೇ ನಾನು ಹೇಳಿ ಬರೆಸುವುದು ಹೀಗಿದೆ.

ನಮ್ಮ ಊರಿನ ಬೀದಿನಾಯಿಗಳ ವಿಷಯ ಮಾತಾಡಲು ಆನ್‌ಲೈನಿನಲ್ಲಿ ಒಂದು ಗ್ರೂಪ್ ಇದೆ. ಸುಮಾರು ಎರಡು ಸಾವಿರ ಜನ ಇದ್ದಾರೆ. ಅದರಲ್ಲಿ ಎರಡು ಪಂಗಡ. ನಾಯಿಗಳಿಗೆ ಅನ್ನ ಹಾಕುವವರು ಒಂದು ಕಡೆ, ಕಚ್ಚಿಸಿಕೊಂಡವರು ಇನ್ನೊಂದು ಕಡೆ. ಮೊದಲಿದ್ದ ಅಡ್ಮಿನ್ ಎರಡೂ ಕಡೆಯಿಂದ ಬೈಸಿಕೊಂಡು, ಬಿ.ಪಿ. ಮಾತ್ರೆ ಶುರುಮಾಡಿಕೊಂಡು ಬಿಟ್ಟುಹೋದರು. ಆಮೇಲೆ ಕಡೆಗೊಬ್ಬರಂತೆ ಇಬ್ಬರು ಅಡ್ಮಿನ್ ಆದೆವು. ಅನ್ನ ಹಾಕುವವರ ಪರವಾಗಿ ನಾನು. ಕಚ್ಚಿಸಿಕೊಂಡವರ ಪರವಾಗಿ ತೂಕದಣ್ಣ. ಅವರು ಗೋಡೌನ್ ರಸ್ತೆಯಲ್ಲಿ ಲಾರಿಗಳ ತೂಕ ಹಾಕುವ ವೇಬ್ರಿಡ್ಜ್‌ನಲ್ಲಿ ಕೆಲಸ ಮಾಡುತ್ತಾರೆ, ವಯಸ್ಸು ಅರವತ್ತರ ಮೇಲಿದೆ.

ನಾವಿಬ್ಬರೂ ಒಂದು ನಿಯಮ ಮಾಡಿಕೊಂಡೆವು. ನಮ್ಮ ಕಡೆಯವರು ಬರೆದದ್ದನ್ನು ತೂಕದಣ್ಣ ನೋಡಿ ಗ್ರೂಪಿಗೆ ಬಿಡಬೇಕು, ಅಲ್ಲಿಯವರೆಗೆ ಅದು ಯಾರಿಗೂ ಕಾಣುವುದಿಲ್ಲ. ಅವರ ಕಡೆಯವರು ಬರೆದದ್ದನ್ನು ನಾನು ನೋಡಿ ಬಿಡಬೇಕು. ಬೈಗುಳ ಇದ್ದರೆ, ಇಲ್ಲವೇ ಸುಳ್ಳು ಎಂದು ಗೊತ್ತಿದ್ದರೆ ಮಾತ್ರ ತಡೆಯಬೇಕು. ಬರೆದವರಿಗೆ ಕೋಪ ಇದೆ ಎಂದು ತಡೆಯುವಂತಿಲ್ಲ, ಓದಿದವರಿಗೆ ಉರಿಯುತ್ತದೆ ಎಂದೂ ತಡೆಯುವಂತಿಲ್ಲ. ಇದು ಹೇಳಲು ಸುಲಭ. ಒಮ್ಮೆ ಅವರ ಕಡೆಯ ಹೆಂಗಸೊಬ್ಬರು, ಮಕ್ಕಳಿಲ್ಲದವರೇ ನಾಯಿಗಳನ್ನು ಮಕ್ಕಳು ಮಕ್ಕಳು ಅಂತ ಮುದ್ದಾಡೋದು ಎಂದು ಬರೆದರು. ನನಗೆ ಮಕ್ಕಳಿಲ್ಲ. ಅದರಲ್ಲಿ ಬೈಗುಳ ಇರಲಿಲ್ಲ, ನನ್ನ ಮಟ್ಟಿಗೆ ಸುಳ್ಳೂ ಅಲ್ಲ. ಬಿಟ್ಟೆ. ಬಿಟ್ಟು, ಅಂಗಡಿಯ ಹಿಂದೆ ಹೋಗಿ ಅತ್ತೆ. ಅರ್ಧ ಗಂಟೆಯಲ್ಲಿ ತೂಕದಣ್ಣನ ಫೋನ್ ಬಂತು. ಯಾಕೆ ಬಿಟ್ರಿ, ನಾನಾಗಿದ್ರೆ ಬಿಡ್ತಿರಲಿಲ್ಲ ಎಂದರು. ನೀವು ಬಿಡಲ್ಲ ಅಂತಾನೇ ಈ ಕೆಲಸ ನನಗೆ ಕೊಟ್ಟಿರೋದು ಎಂದೆ. ಅವರು ಊಟ ಆಯ್ತಾ ಎಂದು ಕೇಳಿ ಫೋನ್ ಇಟ್ಟರು. ಇದು ಕೇಸಿಗೆ ಸಂಬಂಧವಿಲ್ಲ ಎಂದು ರೈಟರ್ ಸಾಹೇಬರು ಹೇಳಿದರು. ಇದೆ, ಬರೆಯಿರಿ ಎಂದೆ.

ಎರಡನೇ ನಿಯಮ, ನಾವಿಬ್ಬರೂ ಮುಖಾಮುಖಿ ಭೇಟಿಯಾಗಬಾರದು. ಒಂದು ಲೋಟ ಚಹಾ ಜೊತೆಗೆ ಕುಡಿದರೆ ಸಾಕು, ನಾವು ಒಳಗೊಳಗೇ ಒಂದಾಗಿದ್ದೇವೆ ಎಂದು ಎರಡೂ ಕಡೆಯವರು ತಿರುಗಿಬೀಳುತ್ತಾರೆ. ಆದ್ದರಿಂದ ಮೂರು ವರ್ಷ ಸಂಜೆ ಹೊತ್ತು ಫೋನಿನಲ್ಲಿ ಮಾತ್ರ ಜಗಳವಾಡಿದ್ದೇವೆ. ನಮ್ಮ ಅಕ್ಕ ಇದಕ್ಕೆ, ನಿನ್ನ ಗಂಡ ಇದ್ದಾಗ್ಲೂ ನೀನು ಇಷ್ಟು ಜಗಳ ಆಡಿರಲಿಲ್ಲ ಬಿಡು ಎನ್ನುತ್ತಾಳೆ.

ತೂಕದಣ್ಣನ ಮನೆಯವರಿಗೆ ನಾಲ್ಕು ವರ್ಷದ ಹಿಂದೆ ಬಸ್ ಸ್ಟಾಪಿನಲ್ಲಿ ನಾಯಿ ಕಚ್ಚಿತ್ತು. ಬಲಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ಅಂದಿನಿಂದ ಅವರು ಒಬ್ಬರೇ ಬೀದಿಗೆ ಇಳಿದಿಲ್ಲ. ಅವರಿಗೋಸ್ಕರವೇ ತೂಕದಣ್ಣ ಅಡ್ಮಿನ್ ಆದದ್ದು. ನಮ್ಮನೆ ಪಾತ್ರೆಗೆ ನಾಯಿ ಬಾಯಿ ಹಾಕೋ ಕಾಲ ಬರಲ್ಲ ಅಂತ ಅವಳಿಗೆ ಮಾತು ಕೊಟ್ಟಿದೀನಿ ಎಂದು ನನಗೆ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದರು.

ಕಳೆದ ವರ್ಷ ಒಂದು ಸಂಜೆ, ನಾಯಿಗಳಿಗೆ ಉಪ್ಪು ಹಾಕದೆ ಬೇರೆಯಾಗಿ ಬೇಯಿಸಬೇಕು, ನೀವು ಒಂದು ದಿನ ಹಾಕಿದರೂ ಹಳಸಿದ ಸಾರು ಸುರಿದು ಪುಣ್ಯ ಬಂತು ಅಂದುಕೊಳ್ಳುವ ಜನ ಎಂದು ನಾನು ಅವರಿಗೆ ದಬಾಯಿಸಿದ್ದೆ. ಡಾಕ್ಟ್ರು ನನಗೇ ಉಪ್ಪು ಬಿಡಿ ಅಂದ್ರೂ ಬಿಟ್ಟಿಲ್ಲ, ನಿಮ್ಮ ನಾಯಿಗಳಿಗೆ ಪಥ್ಯ ಬೇರೆ ಕೇಡು ಎಂದು ಅವರು ನಕ್ಕಿದ್ದರು.

ಈ ಸೋಮವಾರ ಗೋಡೌನ್ ರಸ್ತೆಯಲ್ಲಿ ಎರಡು ನಾಯಿಗಳು ಸತ್ತವು. ನಮ್ಮ ಕಡೆಯ ಕಾಲೇಜು ಮೇಷ್ಟ್ರು ಅದರಲ್ಲಿ ಒಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಉಸಿರು ನಿಲ್ಲುವವರೆಗೂ ರಸ್ತೆಯ ಅಂಚಿನಲ್ಲಿ ಕೂತಿದ್ದರು. ವಿಷ ಹಾಕಿದ್ದಾರೆ ಎಂಬ ಮಾತು ಹಬ್ಬಿತು. ಹೇಗೆ ಸತ್ತವು ಎಂದು ಪಶುವೈದ್ಯರ ವರದಿ ಇನ್ನೂ ಬಂದಿಲ್ಲ, ನನಗೂ ಗೊತ್ತಿಲ್ಲ. ಮೂರು ದಿನ ಗ್ರೂಪ್ ಕುದಿಯುವ ಎಣ್ಣೆಯಂತೆ ಇತ್ತು. ಬಂದ ಬೈಗುಳ ಓದಿ ಓದಿ ನನ್ನ ಕಣ್ಣು ಉರಿಯುತ್ತಿತ್ತು.

ಈ ದಿನ ಗುರುವಾರ ಬೆಳಿಗ್ಗೆ ಸುಮಾರು ಆರೂಮುಕ್ಕಾಲಿಗೆ ಮೇಷ್ಟ್ರು ಮತ್ತು ಇನ್ನಿಬ್ಬರು ವೇಬ್ರಿಡ್ಜ್‌ನ ಹಿಂದೆ ತೂಕದಣ್ಣ ಡಬ್ಬಿ ಹಿಡಿದು ಬಗ್ಗಿದ್ದನ್ನು ಕಂಡು ಹಿಡಿದುಕೊಂಡರು. ಏನಿದು ಎಂದು ಕೇಳಿದರೆ ಅವರು ಬಾಯಿ ಬಿಡಲಿಲ್ಲವಂತೆ. ಮೇಷ್ಟ್ರು ಫೋಟೋ ತೆಗೆದು, ವಿಷ ಹಾಕುವವರು ಸಿಕ್ಕಿದ್ದಾರೆ ಎಂದು ಗ್ರೂಪಿಗೆ ಬರೆದು, ಅವರನ್ನು ಠಾಣೆಗೆ ಕರೆತಂದರು. ಆದರೆ ಆ ಪೋಸ್ಟ್ ಯಾರಿಗೂ ಕಾಣಲಿಲ್ಲ. ನಮ್ಮ ಕಡೆಯ ಪೋಸ್ಟ್ ಆದ್ದರಿಂದ ತೂಕದಣ್ಣನೇ ಬಿಡಬೇಕಿತ್ತು. ಅವರ ಫೋನ್ ಠಾಣೆಯ ಡ್ರಾಯರಿನಲ್ಲಿತ್ತು.

ಎಂಟು ಗಂಟೆಗೆ ಮೇಷ್ಟ್ರು ನನಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ, ಅಡ್ಮಿನ್ ಆಗಿ ನೀವೂ ಬಂದು ದೂರಿಗೆ ಸಹಿ ಹಾಕಬೇಕು ಎಂದರು. ಅಂಗಡಿ ತೆರೆಯದೆ ಬಂದೆ. ಅಂಗಡಿಯಿಂದ ಠಾಣೆ ಅರ್ಧ ಕಿಲೋಮೀಟರ್. ದಾರಿಯುದ್ದಕ್ಕೂ, ಅವರಲ್ಲ, ಅವರಾಗಿರಲಾರರು ಎಂದು ಅಂದುಕೊಳ್ಳುತ್ತಲೇ ಬಂದೆ. ಆದರೂ, ಒಂದು ವೇಳೆ ಅವರೇ ಆಗಿದ್ದರೆ ನಾಳೆ ಸಂಜೆ ನಾನು ಯಾರ ಹತ್ತಿರ ಜಗಳವಾಡಲಿ ಎಂದು ಅನಿಸಿತು.

ತೂಕದಣ್ಣನನ್ನು ನಾನು ಕಣ್ಣಾರೆ ಕಂಡದ್ದು ಆಗಲೇ ಮೊದಲು. ಫೋನಿನ ದನಿಗೆ ನಾನು ಆರಡಿ ಆಳನ್ನು ಕಲ್ಪಿಸಿಕೊಂಡಿದ್ದೆ. ಬೆಂಚಿನ ತುದಿಯಲ್ಲಿ ಕೂತಿದ್ದವರು ನನ್ನ ಭುಜಕ್ಕೆ ಬರುವಷ್ಟು ಗಿಡ್ಡ ಮನುಷ್ಯರು, ಅಂಗಿಯ ತೋಳು ಹರಿದಿತ್ತು. ಡಬ್ಬಿ ಯಾರಿಗೆ, ಅದರಲ್ಲೇನಿದೆ ಎಂದು ಇನ್‌ಸ್ಪೆಕ್ಟರ್ ಸಾಹೇಬರು ನನ್ನೆದುರಿಗೇ ಮೂರು ಸಲ ಕೇಳಿದರು. ತೂಕದಣ್ಣ ತಲೆ ಎತ್ತಲಿಲ್ಲ. ಮನೆಗೆ ಮಾತ್ರ ಹೇಳಿ ಕಳಿಸಬೇಡಿ ಸಾರ್, ಬೇಕಾದ್ರೆ ಇಲ್ಲೇ ಕೂಡಿಹಾಕಿ ಎಂದು ಕೇಳಿಕೊಂಡರು. ಹಾಗಾದರೆ ಒಪ್ಪಿಕೊಂಡ ಹಾಗೇ ಆಯಿತು ಎಂದು ಮೇಷ್ಟ್ರು ಹೇಳಿದರು.

ಮೇಜಿನ ಮೇಲೆ ಡಬ್ಬಿಯ ಮುಚ್ಚಳ ತೆರೆದಿತ್ತು. ಮೆತ್ತಗೆ ಬೆಂದ ಅನ್ನ, ಕಿವುಚಿದ ಮೊಟ್ಟೆ, ಸಣ್ಣಗೆ ಹೆಚ್ಚಿದ ಕ್ಯಾರೆಟ್. ಪರೀಕ್ಷೆಗೆ ಕಳಿಸಿದರೆ ಉತ್ತರ ಬರಲು ಮೂರು ವಾರ ಎಂದು ರೈಟರ್ ಸಾಹೇಬರು ಹೇಳುತ್ತಿದ್ದರು. ಮೂರು ವಾರ ಊರಿಡೀ ಅವರನ್ನು ವಿಷ ಹಾಕಿದವನು ಎನ್ನುತ್ತದೆ. ನಾನು ಮೂರು ಬೆರಳಲ್ಲಿ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡೆ, ನುಂಗಿದೆ. ಇನ್ನೊಂದು ತುತ್ತನ್ನೂ ತಿಂದೆ. ಯಾರೂ ತಡೆಯಲಿಲ್ಲ, ಯಾಕೆಂದರೆ ಯಾರಿಗೂ ನಂಬಿಕೆಯೇ ಬಂದಿರಲಿಲ್ಲ. ಆಮೇಲೆ ಇನ್‌ಸ್ಪೆಕ್ಟರ್ ಸಾಹೇಬರು ಎದ್ದು ನಿಂತು, ಅಮ್ಮಾ ನಿಮಗೇನು ತಲೆ ಕೆಟ್ಟಿದೆಯಾ ಎಂದರು. ವಾಂತಿ ಮಾಡಿಸಲು ರೈಟರ್ ಸಾಹೇಬರು ಉಪ್ಪುನೀರು ತಂದರು. ಈ ಅನ್ನಕ್ಕೆ ಕಡಿಮೆಯಾಗಿರೋದು ಅದೊಂದೇ ಎಂದೆ.

ನಾನು ಮೇಷ್ಟ್ರ ಕಡೆ ತಿರುಗಿ, ಇದರಲ್ಲಿ ಒಂದು ಹರಳು ಉಪ್ಪಿಲ್ಲ ಎಂದು ಹೇಳಿದೆ. ಕೊಲ್ಲಲು ಹೊರಟವನಿಗೆ ನಾಯಿಯ ಆರೋಗ್ಯದ ಚಿಂತೆ ಯಾಕೆ ಬೇಕು ಎಂದು ಕೇಳಿದೆ. ಮೇಷ್ಟ್ರು ಮನೆಯಲ್ಲಿ ನಾಯಿಗಳಿಗೆ ದಿನಾ ಹಾಗೇ ಬೇಯಿಸುವವರು. ಉಪ್ಪಿಲ್ವಾ ಎಂದು ಮತ್ತೆ ಕೇಳಿದರು. ಇಲ್ಲ ಎಂದೆ. ಅವರು ಕುರ್ಚಿ ಎಳೆದುಕೊಂಡು ಕೂತು, ಎರಡೂ ಕೈಯಿಂದ ಮುಖ ಒರೆಸಿಕೊಂಡರು.

ಪಕ್ಕದ ಆಸ್ಪತ್ರೆಯ ನರ್ಸ್ ಬಂದು ನನ್ನ ನಾಡಿ ನೋಡಿ, ಎರಡು ಗಂಟೆ ಕಾಲ ಕಣ್ಣೆದುರಿಗೇ ಕೂರಿಸಿಕೊಳ್ಳಿ ಎಂದು ಹೇಳಿದರು. ನನ್ನನ್ನು ತೂಕದಣ್ಣ ಇದ್ದ ಬೆಂಚಿನಲ್ಲೇ ಕೂರಿಸಿದರು. ತೂಕದಣ್ಣ, ತಿನ್ನೋದು ಅಂದ್ರೆ ಹೀಗಾ, ಒಂದು ಮಾತು ಕೇಳ್ಬಾರ್ದಾ ಎಂದು ಬೈದರು. ಕೇಳಿದ್ರೆ ನೀವು ಹೇಳ್ತಿದ್ರಾ ಎಂದೆ. ಆಗ ಹೇಳಿದರು. ತೂಕದ ಕಟ್ಟೆಯ ಇಳಿಜಾರಿನ ಕೆಳಗೆ ಒಂದು ನಾಯಿ ನಾಲ್ಕು ಮರಿ ಹಾಕಿತ್ತು. ಬೆಳಿಗ್ಗೆ ಲಾರಿಗಳು ಹತ್ತುವ ಹೊತ್ತಿಗೆ ಮರಿಗಳು ಚಕ್ರದ ದಾರಿಗೆ ಬರುತ್ತಿದ್ದವು. ಕಲ್ಲು ತೋರಿಸಿ ಓಡಿಸಿದರೂ ಹೋಗಲಿಲ್ಲ, ಊಟ ತೋರಿಸಿದರೆ ಹಿಂದೆ ಬಂದವು. ಒಂದು ದಿನಕ್ಕೆ ಅಂತ ಶುರು ಮಾಡಿದ್ದು, ಮನೆಯವಳು ಏಳೋ ಮುಂಚೆ ನಾನೇ ಬೇಯಿಸಿ ತರ್ತೀನಿ, ಐದು ವಾರ ಆಯ್ತು ಎಂದರು. ನನಗೆ ಹೇಳಬಹುದಿತ್ತಲ್ಲ ಎಂದೆ. ಹೇಳಿದ್ರೆ ನೀವು ಗೆದ್ದ ಹಾಗೆ ಆಗಲ್ವಾ ಎಂದರು. ನಗು ಬಂತು, ಜೊತೆಗೆ ಅಳುವೂ ಬಂತು. ಆಮೇಲೆ ಅವರು ದನಿ ತಗ್ಗಿಸಿ, ಅವಳಿಗೆ ಗೊತ್ತಾದ್ರೆ ನನ್ನ ಗಂಡನೂ ಅವುಗಳ ಕಡೆ ಹೋದ ಅಂತ ನೊಂದ್ಕೋತಾಳೆ ಜಿಪ್ಪಕ್ಕ ಎಂದರು.

ಹನ್ನೊಂದು ಗಂಟೆಗೆ ಠಾಣೆಯ ಮುಂದೆ ಆಟೋ ನಿಂತಿತು. ನೆರೆಮನೆಯವರ ಬಾಯಲ್ಲಿ ಸುದ್ದಿ ಕೇಳಿ ಅತ್ತಿಗೆ, ಅಂದರೆ ತೂಕದಣ್ಣನ ಮನೆಯವರು, ಒಬ್ಬರೇ ಬಂದಿದ್ದರು. ಠಾಣೆಯ ಮೆಟ್ಟಿಲ ಮೇಲೆ ಒಂದು ನಾಯಿ ಮಲಗಿತ್ತು. ಅವರು ಗೇಟಿನ ಹತ್ತಿರ, ಬಲಗೈಯನ್ನು ಶಾಲಿನೊಳಗೆ ಮುಚ್ಚಿಕೊಂಡು ನಿಂತುಬಿಟ್ಟರು. ತೂಕದಣ್ಣ ಎದ್ದರು, ಪೇದೆ ಕೂರಿಸಿದರು. ನಾನು ಹೊರಗೆ ಹೋಗಿ, ನಾಯಿಗೂ ಅವರಿಗೂ ನಡುವೆ ನಡೆದು ಒಳಗೆ ಕರೆತಂದೆ. ಅವರು ನನ್ನ ತೋಳನ್ನು ಹಿಡಿದಿದ್ದ ಗುರುತು ಈಗಲೂ ಇದೆ.

ಅವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಅತ್ತಿಗೆ, ಆ ಡಬ್ಬಿ ನಂದು ಎಂದು ಶುರುಮಾಡಿದೆ. ತೂಕದಣ್ಣ, ಬೇಡ ಜಿಪ್ಪಕ್ಕ ಎಂದು ನನ್ನನ್ನು ತಡೆದು, ತಾವೇ ಎಲ್ಲವನ್ನೂ ಹೇಳಿದರು. ಐದು ವಾರ ಆಯ್ತು ಎಂಬುದನ್ನೂ ಬಿಡಲಿಲ್ಲ. ಅತ್ತಿಗೆ ಕೇಳಿಸಿಕೊಂಡರು. ದಿನಾ ಎರಡು ಮೊಟ್ಟೆ ಕಮ್ಮಿ ಆಗ್ತಿತ್ತು, ವಯಸ್ಸಾದ ಮೇಲೆ ಇವರಿಗೆ ಹಸಿವು ಜಾಸ್ತಿ ಆಗಿದೆ ಅಂತ ನಾನು ತಿನ್ನೋದು ಬಿಟ್ಟಿದ್ದೆ ಎಂದು ನನಗೆ ಹೇಳಿದರು. ಆಮೇಲೆ ಗಂಡನ ಕಡೆ ತಿರುಗಿ, ನನಗೆ ನಾಯಿ ಕಂಡ್ರೆ ಭಯ ನಿಜ, ನೀವು ನನ್ನ ಭಯಕ್ಕೆ ಹೆದರಿ ಲಾಕಪ್ಪಲ್ಲಿ ಕೂತ್ರೆ ನಾನು ಯಾರ ಹತ್ರ ಭಯ ಪಡ್ಲಿ ಎಂದು ಕೇಳಿದರು. ತೂಕದಣ್ಣ ಅತ್ತರು. ಇನ್‌ಸ್ಪೆಕ್ಟರ್ ಸಾಹೇಬರು ಕಿಟಕಿಯ ಕಡೆ ತಿರುಗಿ ಯಾರಿಗೋ ಫೋನ್ ಮಾಡಿದರು, ಆ ಕಡೆ ಯಾರೂ ಎತ್ತಿದಂತಿರಲಿಲ್ಲ.

ಎರಡು ಗಂಟೆ ಕಳೆದರೂ ನನಗೆ ಏನೂ ಆಗದ ಕಾರಣ, ಮೇಷ್ಟ್ರು ದೂರನ್ನು ಹಿಂದಕ್ಕೆ ಪಡೆದರು. ತೂಕದಣ್ಣನ ಫೋನನ್ನು ವಾಪಸ್ ಕೊಡಲಾಯಿತು. ಮೊದಲು ಕಂಡದ್ದು ಅವರದೇ ಫೋಟೋ ಇದ್ದ ಪೋಸ್ಟ್. ಮೇಷ್ಟ್ರು, ಅದನ್ನು ಬಿಡಬೇಡಿ, ನಾನೇ ತೆಗೆದುಹಾಕುತ್ತೇನೆ ಎಂದು ಕೈಮುಗಿದರು. ತೂಕದಣ್ಣ ಒಪ್ಪಲಿಲ್ಲ. ಇದರಲ್ಲಿ ಬೈಗುಳ ಇಲ್ಲ, ಬರೆಯುವಾಗ ನೀವು ನಿಜ ಅಂತಲೇ ಬರೆದಿದ್ದೀರಿ, ಬೀದಿಯಲ್ಲಂತೂ ಬಾಯಿಂದ ಬಾಯಿಗೆ ಹೋಗಿದೆ, ಈಗ ಮುಚ್ಚಿಟ್ಟರೆ ಅಡ್ಮಿನ್‌ಗಳು ನುಂಗಿಹಾಕಿದರು ಅಂತಾರೆ, ಕೆಳಗೆ ನಡೆದದ್ದನ್ನು ಬರೆಯಿರಿ ಎಂದು ಹೇಳಿ, ನನ್ನ ಕಣ್ಣೆದುರಿಗೇ ಬಿಟ್ಟರು. ಮೇಷ್ಟ್ರು ಕೆಳಗೆ ಕ್ಷಮೆ ಕೇಳಿ ಬರೆದರು. ಕೆಲವರು ಮೇಷ್ಟ್ರನ್ನು ನಂಬಿದರು. ಕೆಲವರು ಫೋಟೋವನ್ನು ಮಾತ್ರ ನಂಬಿದರು. ತೂಕದಣ್ಣನ ಕಡೆಯವರೇ, ಹೆಂಡತಿಗೆ ಕಚ್ಚಿದ ಜಾತಿಗೆ ಕದ್ದು ಅನ್ನ ಹಾಕಿದ ಮನುಷ್ಯ ನಮಗೆ ಅಡ್ಮಿನ್ ಬೇಡ ಎಂದು ಬರೆಯಲು ಶುರುಮಾಡಿದರು. ಅವು ಬಂದದ್ದು ನನ್ನ ಫೋನಿಗೆ, ಬೈಗುಳ ಇರಲಿಲ್ಲ. ಒಂದೊಂದಾಗಿ ಬಿಟ್ಟೆ. ತೂಕದಣ್ಣ ಒಂದೊಂದಾಗಿ ಓದಿದರು.

ಆಗ ಅತ್ತಿಗೆ, ಇಲ್ಲಿ ಕೊಡಿ ಎಂದು ಗಂಡನ ಕೈಯಿಂದ ಫೋನ್ ತೆಗೆದುಕೊಂಡು ಬೆಂಚಿನ ಮೇಲೆ ಕೂತರು. ಅವರು ಆ ಗ್ರೂಪಿನಲ್ಲಿ ಒಂದಕ್ಷರವನ್ನೂ ಬರೆದವರಲ್ಲ. ಎಡಗೈ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಬರೆದರು. ಸಹಾಯ ಮಾಡಲು ಬಾಗಿದ ತೂಕದಣ್ಣನಿಗೆ ಆ ಕಡೆ ಹೋಗಿ ಎಂದರು. ಬರೆದದ್ದು ನನ್ನ ಫೋನಿಗೆ ಬಂತು. ಹೀಗಿತ್ತು: ಆ ಡಬ್ಬಿ ನಮ್ಮನೇದು. ಅನ್ನ ಮಾಡಿ ಇವರ ಕೈಲಿ ಕಳಿಸಿದ್ದು ನಾನೇ. ನಂಗೆ ನಾಯಿ ಅಂದ್ರೆ ಈಗ್ಲೂ ಭಯ. ಕಚ್ಚಿಸಿಕೊಂಡವಳು ಬರೆದಿದೀನಿ.

ನಾನು ಅತ್ತಿಗೆಯ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿದ್ದರು. ಸುಳ್ಳೆಂದು ಗೊತ್ತಿದ್ದರೆ ತಡೆಯಬೇಕು ಎಂಬುದು ನಮ್ಮ ನಿಯಮ. ಮೂರು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಮೀರಿರಲಿಲ್ಲ. ಆ ಪೋಸ್ಟನ್ನು ಬಿಟ್ಟೆ.

ಮೇಲೆ ಹೇಳಿದ್ದನ್ನು ರೈಟರ್ ಸಾಹೇಬರು ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಅತ್ತಿಗೆ ಬರೆದುದರಲ್ಲಿ ಎರಡನೇ ವಾಕ್ಯ ಮಾತ್ರ ನಿಜವಲ್ಲ. ಅದು ಗೊತ್ತಿದ್ದೂ ಬಿಟ್ಟವಳು ನಾನು. ಜಪ್ತಿ ಮಾಡಿದ ಅನ್ನ ತಿಂದದ್ದಕ್ಕೆ ಏನು ಕ್ರಮ ಇದೆಯೋ ತೆಗೆದುಕೊಳ್ಳಿ. ಆ ವಾಕ್ಯದ ಬಗ್ಗೆ ಮಾತ್ರ ಯಾರೂ ಯಾರನ್ನೂ ಏನೂ ಕೇಳಬಾರದೆಂದು ವಿನಂತಿ.

ಸ್ಥಳ: ಠಾಣೆ, ಹೊರಗಿನ ಬೆಂಚು
ದಿನ: ಗುರುವಾರ, ಮಧ್ಯಾಹ್ನ ಒಂದೂವರೆ
ಸಹಿ: ಜಿಪ್ಪಕ್ಕ
ನನ್ನ ಸಮಕ್ಷಮ ಬರೆದುಕೊಂಡವರು: ಠಾಣಾ ರೈಟರ್