ಅಳಿಸಿದ ಅರ್ಧ ಮುದ್ದೆ

ವೇದಿಕೆಯ ಘನತೆ ಹೆಚ್ಚಿಸಿರುವ ಅಧ್ಯಕ್ಷರೇ, ಇವತ್ತು ಸನ್ಮಾನ ಸ್ವೀಕರಿಸಿದ ಹಿರಿಯ ಗಣಿ ಕಾರ್ಮಿಕರಾದ ಮುನಿಸ್ವಾಮಪ್ಪನವರೇ, ಮುಂದಿನ ಸಾಲಿನಲ್ಲಿ ಕೂತು ‘ಬೇಗ ಮುಗಿಸು’ ಎಂದು ಕಣ್ಣಲ್ಲೇ ಹೇಳುತ್ತಿರುವ ನಮ್ಮಮ್ಮ ಮುನಿಗಂಗಮ್ಮನವರೇ, ಊರಿಗಾಂನ ನನ್ನ ಸಭಿಕರೇ,

ನಾನು ವಿಜಯಕುಮಾರ್. ರಾಬರ್ಟ್‌ಸನ್‌ಪೇಟೆಯಲ್ಲಿ ಇಪ್ಪತ್ತು ವರ್ಷ ಮದುವೆ ವಿಡಿಯೋ ತೆಗೆದವನು. ನನ್ನ ಕ್ಯಾಮೆರಾ ಕಂಡು ಪಂಕ್ತಿಯಲ್ಲಿ ಹೋಳಿಗೆ ಬಚ್ಚಿಟ್ಟವರು ಈ ಸಭೆಯಲ್ಲೂ ಇದ್ದೀರಿ. ಈಗ ಕಸುಬು ಬದಲಾಗಿದೆ. ಒಬ್ಬರನ್ನು ನಡುವೆ ಕೂರಿಸಿ, ಸುತ್ತ ಎಂಟು ಕ್ಯಾಮೆರಾ ಇಟ್ಟು ತೆಗೆಯುತ್ತೇನೆ. ಆಮೇಲೆ ಪದರದ ಮೇಲೆ ಪದರ: ಬಂಡೆ ಒಂದು, ದೀಪ ಒಂದು, ಮನುಷ್ಯ ಒಂದು. ಹೆಡ್‌ಸೆಟ್ ಕಣ್ಣಿಗೆ ಕಟ್ಟಿಕೊಂಡರೆ ಆ ಮನುಷ್ಯ ಇದೇ ನೆಲದ ಮೇಲೆ ಕೂತಿರುತ್ತಾರೆ. ಸುತ್ತು ಹಾಕಿ ಬೆನ್ನನ್ನೂ ನೋಡಬಹುದು.

ಗಣಿಯೊಳಗೆ ಹೇಗೆ ಉಣ್ಣುತ್ತಿದ್ದಿರಿ, ತೋರಿಸಿ ಅಂದೆ. ಮುನಿಸ್ವಾಮಪ್ಪನವರು ಡಬ್ಬಿ ಬಿಚ್ಚಿ ಮುದ್ದೆ ಮುರಿದರು. ಅರ್ಧವನ್ನು ಮುಚ್ಚಳದಲ್ಲಿಟ್ಟು ಎಡಕ್ಕೆ ತಳ್ಳಿದರು. ವಯಸ್ಸಾಗಿದೆ, ಎಂಜಲು ಸರಿಸಿದ್ದಾರೆ ಅಂದುಕೊಂಡೆ. ಮದುವೆ ವಿಡಿಯೋದಲ್ಲಿ ಎಂಜಲೆಲೆ ಅಳಿಸಿ ರೂಢಿಯಾದ ಕೈ ಸುಮ್ಮನಿರುತ್ತದೆಯೇ? ಅಳಿಸಿಬಿಟ್ಟೆ. ಅವರನ್ನು ಸರಿಯಾಗಿ ನಡುವೆ ಕೂರಿಸಿದೆ.

ಹೆಡ್‌ಸೆಟ್ ಹಾಕಿ ನೋಡಿದ ಮುನಿಸ್ವಾಮಪ್ಪನವರು ಕೇಳಿದರು, “ಆಂಜಿನಪ್ಪನ ಮುದ್ದೆ ಎಲ್ಲೋಯ್ತಲಾ?”

ಆಂಜಿನಪ್ಪ ನಮ್ಮಪ್ಪ. ಗಣಿಯೊಳಗೆ ಇವರ ಜೋಡಿ, ಪಕ್ಕದಲ್ಲೇ ಕೂತು ಉಣ್ಣುತ್ತಿದ್ದವರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಳಗೆ ಬಂಡೆ ಸಿಡಿದು ತೀರಿಕೊಂಡರು. ಅಪ್ಪನ ಪಾಲನ್ನು ಎಂಜಲೆಂದು ಅಳಿಸಿದ ಮಗ ನಾನು. ಆವತ್ತು ನನಗೆ ಬಹಳ ನಾಚಿಕೆಯಾಯಿತು.

ತಪ್ಪು ತಿದ್ದಲು ಹೊರಟೆ. ಇರುವ ಒಂದೇ ಫೋಟೋದಿಂದ ಅಪ್ಪನನ್ನೂ ಕೂರಿಸಿಬಿಡೋಣ, ಇನ್ನೊಂದು ಪದರ ತಾನೇ? ಅಮ್ಮ ಬೈದರು. “ಸತ್ತೋದೋರ್ನ ಬೊಂಬೆ ಮಾಡಿ ಆಡಿಸ್ಬೇಡ ಕಣ್ಲಾ. ನಾನು ಆ ಕಡೆ ತಲೆ ಆಕಾಕಿಲ್ಲ.” ಅಮ್ಮ ನೋಡದ ಮೇಲೆ ಯಾರಿಗೆ ತೋರಿಸಿ ಏನು ಪ್ರಯೋಜನ? ಫೋಟೋ ಒಳಗಿಟ್ಟೆ. ಅರ್ಧ ಮುದ್ದೆಯನ್ನು ವಾಪಸ್ ತಂದೆ. ಪಕ್ಕದ ಜಾಗವನ್ನು ಖಾಲಿ ಬಿಟ್ಟೆ.

ನಿನ್ನೆ ಅಮ್ಮ ತಾವಾಗಿಯೇ ಬಂದರು. ತುರುಬಿಗೆ ಹೆಡ್‌ಸೆಟ್ಟಿನ ಪಟ್ಟಿ ಸಿಕ್ಕಿ ಹತ್ತು ನಿಮಿಷ ಒದ್ದಾಡಿದೆವು. ಹಾಕಿಕೊಂಡು ಮೆಲ್ಲಗೆ ನಡೆದು ಆ ಖಾಲಿ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಮುದ್ದೆ ನೋಡಿದರು. “ಸಾರು ಕಮ್ಮಿ ಆಕಿದ್ದೀಯ ಮುನಿಸಾಮಣ್ಣ,” ಅಂದರು. “ಅವ್ರಿಗೆ ಸಾರು ಜಾಸ್ತಿ ಬೇಕು.”

ಅದೊಂದನ್ನು ತಿದ್ದಲು ನನಗೆ ಬರುವುದಿಲ್ಲ, ಅಮ್ಮ.

ಹೊರಗೆ ಹೆಡ್‌ಸೆಟ್ ಇದೆ. ಒಬ್ಬೊಬ್ಬರೇ ಬನ್ನಿ, ಎಡಕ್ಕೆ ಕೂತುಕೊಳ್ಳಿ. ನಮ್ಮಪ್ಪನ ಜಾಗ, ಸಂಕೋಚ ಬೇಡ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೂ, ಇಷ್ಟು ವರ್ಷ ಆ ಪಾಲು ಎತ್ತಿಟ್ಟ ಮುನಿಸ್ವಾಮಪ್ಪನವರಿಗೂ ವಂದನೆಗಳು. ನಮಸ್ಕಾರ.