ಫ್ರಾತೇರ್ ಅಂದರೆ ಅಣ್ಣನಲ್ಲ

ಮಾನ್ಯ ಅಧ್ಯಕ್ಷರೇ, ನಿಘಂಟಿನ ಸಂಪಾದಕರಾದ ನಮ್ಮ ಮೇಷ್ಟ್ರೇ, ಅತಿಥಿಗಳೇ, ಮುದ್ರಣಾಲಯದ ಗೆಳೆಯರೇ, ಸಭಿಕರೇ,

ಮೊನ್ನೆ ಕೆಟ್ಟ ಕನಸು ಬಿತ್ತು. ಇದೇ ವೇದಿಕೆ, ಇದೇ ಮೈಕು. ನಿಘಂಟು ತೆರೆದರೆ ಅಕ್ಷರಗಳೆಲ್ಲ ಜಾರಿ ನನ್ನ ಕಾಲ ಬಳಿ ಉದುರುತ್ತಿವೆ. ನೀವೆಲ್ಲ ಎದ್ದು ನಿಂತು, “ಎಷ್ಟನೇ ಕ್ಲಾಸು ಓದಿದ್ದೀಯಾ?” ಎಂದು ಕೇಳುತ್ತಿದ್ದೀರಿ. ಏಳನೆಯದು, ಅದೂ ಅರ್ಧ. ನಾನೇ ಹೇಳಿಬಿಟ್ಟೆ, ಇನ್ನು ಎದ್ದು ನಿಲ್ಲಬೇಡಿ.

ಕರಡು ತಿದ್ದುವವಳಿಗೆ ಸನ್ಮಾನವೇಕೆ? ಇಂದು ಬಿಡುಗಡೆಯಾದ ಈ ಗ್ರೀಕ್-ಕನ್ನಡ ನಿಘಂಟಿನ ಕರಡನ್ನು ಒಂಬತ್ತು ವರ್ಷ ನೋಡಿದೆ, ನಿಜ. ಕರಡನ್ನು ಇಬ್ಬರು ನೋಡಬೇಕು. ಒಬ್ಬರು ಗಟ್ಟಿಯಾಗಿ ಓದಬೇಕು, ಒಬ್ಬರು ತಿದ್ದಬೇಕು. ಮನೆಗೆ ಒಯ್ದಾಗ ಎರಡೂ ನಾನೇ. ಗ್ರೀಕರ ‘ಪತೇರ್’ ಪಕ್ಕದಲ್ಲಿ ಸಂಸ್ಕೃತದ ‘ಪಿತೃ’, ‘ಮೇತೇರ್’ ಪಕ್ಕದಲ್ಲಿ ‘ಮಾತೃ’ ಕಂಡಾಗ, ಯಾರದೋ ಮನೆಯ ಫೋಟೋದಲ್ಲಿ ನಮ್ಮವರ ಮೂಗು ಕಂಡಂತಾಯಿತು. ಗ್ರೀಕ್, ಸಂಸ್ಕೃತ ಎರಡೂ ಒಂದೇ ಹಳೆಯ ಭಾಷೆಯ ಮಕ್ಕಳಂತೆ. ಕನ್ನಡ ಆ ಮನೆತನದ್ದಲ್ಲ, ಪಕ್ಕದ ಮನೆಯದು. ಪದ ಎರವಲು ತಂದದ್ದುಂಟು.

ಹೀಗಿರುವಾಗ ‘ಭ್ರಾತೃ’ ಪಕ್ಕದಲ್ಲಿ ‘ಫ್ರಾತೇರ್: ಕುಲಸಂಘದ ಸದಸ್ಯ’ ಎಂದಿತ್ತು. ತಪ್ಪೆಂದುಕೊಂಡು ಹೊಡೆದುಹಾಕಿ, ‘ಅಣ್ಣ, ತಮ್ಮ’ ಎಂದು ಬರೆದೆ. ಮೇಷ್ಟ್ರು ಮುದ್ರಣಾಲಯಕ್ಕೇ ಬಂದರು.

“ಅಮ್ಮಾ, ಅದು ತಪ್ಪಲ್ಲ. ಗ್ರೀಕರಲ್ಲಿ ಆ ಪದ ಮನೆ ಬಿಟ್ಟು ಹೊರಟುಹೋಯ್ತು. ಹೆಸರು ಉಳೀತು, ಸಂಬಂಧ ಉಳೀಲಿಲ್ಲ.”

“ಹಾಗಾದ್ರೆ ಸ್ವಂತ ಅಣ್ಣನ್ನ ಏನಂತಾರೆ ಸಾರ್?”

“ಅದೆಲ್ಫೊಸ್. ‘ಅ’ ಅಂದ್ರೆ ಒಂದೇ, ‘ದೆಲ್ಫುಸ್’ ಅಂದ್ರೆ ಗರ್ಭ. ಹೊಸದಾಗಿ ಮಾಡ್ಕೊಂಡ್ರು.”

“ಅಯ್ಯೋ, ನಮ್ಮ ಒಡಹುಟ್ಟಿದವನೇ!”

ಅಂದು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಸಭಿಕರೇ, ನನಗೂ ಒಬ್ಬ ಅಣ್ಣನಿದ್ದಾನೆ. ಅಕ್ಷರ ಕಲಿಸಿದವನು ಅವನೇ. ಅಮ್ಮನಿಗೆ ಕಾಯಿಲೆ ಬಲಿತಾಗ, ದೂರದಲ್ಲಿದ್ದ ಅವನು ಗಾಬರಿಯಾದಾನೆಂದು, “ಸ್ವಲ್ಪ ಹುಷಾರಿಲ್ಲ, ಅಷ್ಟೇ” ಎಂದಿದ್ದೆ. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. “ಮುಖ ನೋಡೋಕೂ ಬಿಡ್ಲಿಲ್ವಲ್ಲೇ! ಇನ್ಮೇಲೆ ನನ್ನನ್ನ ಅಣ್ಣ ಅನ್ಬೇಡ” ಎಂದ. ಹದಿನಾಲ್ಕು ವರ್ಷವಾಯಿತು. ಅಂದಿಲ್ಲ. ಆ ಪದವನ್ನು ನಾನು ಕರಡಿನಲ್ಲಿ ಮಾತ್ರ ಗಟ್ಟಿಯಾಗಿ ಓದಿದ್ದೇನೆ. ಇದನ್ನೆಲ್ಲ ಇಲ್ಲಿ ಹೇಳಬೇಕಿರಲಿಲ್ಲವೇನೋ, ಕ್ಷಮಿಸಿ.

ಕಚೇರಿಯ ಗುಮಾಸ್ತರೇ, ಅಣ್ಣನಿಗೆ ಕಳಿಸುವ ಪ್ರತಿ ನಿಮ್ಮ ಮೇಜಿನ ಮೇಲಿದೆ. ಕಾಗದ ಬರೆಯಲು ಧೈರ್ಯ ಬರಲಿಲ್ಲ. ಒಂದು ಪುಟದಲ್ಲಿ ಚೀಟಿ ಇಟ್ಟಿದ್ದೇನೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞತೆ, ನಮಸ್ಕಾರ. ಗುಮಾಸ್ತರೇ, ಕಟ್ಟುವ ಮೊದಲು ಇನ್ನೊಮ್ಮೆ ನೋಡಿಬಿಡಿ: ಚೀಟಿ ‘ಅದೆಲ್ಫೊಸ್’ ಪುಟದಲ್ಲೇ ಇದೆಯಲ್ಲವೇ? ‘ಫ್ರಾತೇರ್’ ಪುಟಕ್ಕೆ ಜಾರಿಲ್ಲ ತಾನೇ?