ವೈಪರ್ ಎತ್ತಿ ಹಿಡಿದ ಕೈ

ದೀಪ ಆರಿಸಿದ್ದು ಒಳ್ಳೇದಾಯ್ತು. ಇದನ್ನ ಬೆಳಕಲ್ಲಿ ಹೇಳೋಕೆ ಕೂತ್ರೆ ನನಗೆ ಸಿಟ್ಟು ಬರುತ್ತೆ. ಕೇಳೋರ ತುಟಿ ಮೇಲಿನ ನಗು ಕಾಣಿಸುತ್ತಲ್ಲ, ಅದಕ್ಕೆ. ಯಾರೋ ಎಲ್ಲೋ ಹೇಳಿದ್ದನ್ನ ಕೇಳಿ ಹೇಳ್ತಿಲ್ಲ ನಾನು. ನನ್ನ ಸ್ವಂತ ಚಿಕ್ಕಮ್ಮನ ಮಗನಿಗೆ ಆಗಿದ್ದು ಇದು. ಕೊನೇಲಿ ನಾನೂ ಜೊತೆಗಿದ್ದೆ.

ರಾತ್ರಿ ಹತ್ತೂವರೆ. ಅವನು ಅಂಗಡಿ ಕಡೆಯಿಂದ ನಡ್ಕೊಂಡು ಬರ್ತಿದ್ದ. ಕಂಕುಳಲ್ಲಿ ಉದ್ದನೆಯ ಎರಡು ಪೊಟ್ಟಣ... ಒಳಗೆ ಕಾರಿನ ವೈಪರ್ ಬ್ಲೇಡು. ಅವರ ಕಟ್ಟಡದ ಹಿಂದೆ ಒಂದು ಹಳೇ ಬಾವಿ ಇದೆ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ಅದನ್ನ ದಾಟಿದ್ರೆ ಕಾರು ನಿಲ್ಲಿಸೋ ಜಾಗ. ಬಾವಿ ಹತ್ತಿರ ಬಂದಾಗ ಸದ್ದು ಕೇಳಿಸ್ತು. ಠಣ್... ಬಕೆಟ್ಟಿನ ಹಿಡಿ ಕೈಬಿಟ್ಟಾಗ ಅಂಚಿಗೆ ಬಡಿಯುತ್ತಲ್ಲ, ಅದು. ಆಮೇಲೆ ಬಟ್ಟೆ ಹಿಂಡಿದ ಸದ್ದು. ಮೊದಲು ಸರ್ರ್ ಅಂತ ನೀರು, ಕೊನೆಗೆ ತೊಟ್... ತೊಟ್. ತಿರುಗಿ ನೋಡಿದ. ಯಾರೂ ಇಲ್ಲ. ಜಾಲರಿ, ಬೀಗ ಎರಡೂ ಇದ್ದ ಹಾಗೇ ಇದ್ದವು.

ಬೇರೆಯವರಾಗಿದ್ರೆ ಕಾಲಿಗೆ ಬುದ್ಧಿ ಹೇಳ್ತಿದ್ರು. ಇವನಿಗೆ ಹೆದರೋಕೂ ಪುರುಸೊತ್ತಿರಲಿಲ್ಲ. ಅಷ್ಟು ಸಿಟ್ಟಲ್ಲಿದ್ದ.

ನಮ್ಮ ಮನೇಲಿ ಅವನಿಗೆ ಮೇಸ್ತ್ರಿ ಅಂತ ಅಡ್ಡಹೆಸರು. ಕೆಲಸ ಬರುತ್ತೆ ಅಂತ ಇಟ್ಟ ಹೆಸರಲ್ಲ, ಬರಲ್ಲ ಅಂತ ಇಟ್ಟಿದ್ದು. ನಲ್ಲಿ ಸೋರಿದ್ರೂ ನಾನೇ, ಫ್ಯಾನು ನಿಂತ್ರೂ ನಾನೇ. ಅವನು ನಲ್ಲಿ ಸರಿ ಮಾಡಿದ ದಿನ ಮೂರು ಮಹಡಿಗೆ ನೀರಿರಲಿಲ್ಲ. ವೈಪರ್ ಬ್ಲೇಡು ಬದಲಾಯಿಸೋದು ಎರಡು ನಿಮಿಷದ ಕೆಲಸ. ಅವನು ಆವತ್ತು ಸಂಜೆ ಆರಕ್ಕೆ ಶುರು ಮಾಡಿದ್ದ. ಹಳೇದನ್ನ ಬಿಚ್ಚೋಕೇ ಒಂದು ಗಂಟೆ. ಅಂಗಡಿಗೆ ಹೋಗಿ ತಂದಿದ್ದು ಎರಡೂ ಒಂದೇ ಅಳತೆಯವು. ಡ್ರೈವರ್ ಕಡೆಗೆ ಉದ್ದ, ಇನ್ನೊಂದು ಕಡೆಗೆ ಗಿಡ್ಡ ಬೇಕು ಅಂತ ಮಗುವಿಗೂ ಗೊತ್ತು. ಇವನಿಗೆ ಗೊತ್ತಾಗಿದ್ದು ಅಳತೆಗೆ ಹಿಡಿದು ನೋಡಿದಾಗ. ಮತ್ತೆ ಹೋಗಿ, ಬಾಗಿಲು ಹಾಕ್ತಿದ್ದ ಅಂಗಡಿಯವನ ಕೈಕಾಲು ಹಿಡಿದು, ಬೇರೆ ತಂದಿದ್ದ.

ನಾಳೆ ಮಾಡ್ಕೋಬಹುದಿತ್ತು ಅಂತೀರಾ? ಆಗ್ತಿರಲಿಲ್ಲ. ಅದೇ ಕಷ್ಟ.

ಚಿಕ್ಕಮ್ಮನಿಗೆ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಆಸ್ಪತ್ರೆ ಎರಡು ಗಂಟೆ ದಾರಿ, ಬೆಳಗಿನ ಆರಕ್ಕೆ ಸರದಿ. ಹಿಂದಿನ ಸಲ ಜೋರು ಮಳೆ. ಸವೆದ ವೈಪರು ನೀರು ಒರೆಸೋ ಬದಲು ಗಾಜಿಗೆಲ್ಲಾ ಬಳಿದು, ದಾರಿ ಕಾಣದೆ, ಇವನು ಅರ್ಧದಿಂದ ವಾಪಸ್ ಬಂದಿದ್ದ. ಅಷ್ಟಕ್ಕೇ ಚಿಕ್ಕಮ್ಮನ ಕಾಲು ಊದಿ, ಉಸಿರಾಡೋಕೇ ಕಷ್ಟವಾಗಿತ್ತು. ಇನ್ನೊಂದು ಸಲ ತಪ್ಪಿಸಿದ್ರೆ ನನ್ನನ್ನ ಕೇಳಬೇಡಿ ಅಂತ ಡಾಕ್ಟರು ಖಡಾಖಂಡಿತ ಹೇಳಿದ್ರು. ಮಳೇಲಿ, ಆ ಹೊತ್ತಲ್ಲಿ, ಅಷ್ಟು ದೂರ ಯಾವ ಬಾಡಿಗೆ ಕಾರಿನವನೂ ಒಪ್ಪಿರಲಿಲ್ಲ. ಬೆಳಗ್ಗೆ ನಾಲ್ಕಕ್ಕೆ ಹೊರಡಬೇಕು. ಆಕಾಶ ಆಗಲೇ ಕಪ್ಪಿಟ್ಟಿತ್ತು.

ಈಗ ಇನ್ನೊಬ್ಬನ ವಿಷಯ ಹೇಳಬೇಕು. ಅದನ್ನ ಹೇಳೋಕೆ ನನಗೆ ನಾಚಿಕೆ. ಆದ್ರೂ ಹೇಳ್ತೀನಿ.

ಆ ಕಟ್ಟಡದ ಹದಿನಾಲ್ಕು ಕಾರುಗಳನ್ನ ತೊಳೀತಿದ್ದವನನ್ನ ಮಕ್ಕಳೆಲ್ಲಾ ನೀರಣ್ಣ ಅಂತಿದ್ರು. ಬೆಳಕು ಹರಿಯೋ ಮುಂಚೆ ಬಂದು, ನೀಲಿ ಶರ್ಟಿನ ತೋಳು ಮೊಣಕೈವರೆಗೆ ಮಡಿಸಿ, ಆಗಿನ್ನೂ ಬೀಗ ಬೀಳದ ಆ ಬಾವಿಯಿಂದ ನೀರು ಸೇದಿ, ತೊಳೆದು, ಒರೆಸಿ, ಕೊನೆಗೆ ವೈಪರ್ ಎರಡನ್ನೂ ಎತ್ತಿ ನಿಲ್ಲಿಸಿ ಹೋಗ್ತಿದ್ದ. ವೈಪರ್ ಎತ್ತಿದೆ ಅಂದ್ರೆ ಕಾರು ತೊಳೆದಾಗಿದೆ ಅಂತ ಲೆಕ್ಕ. ಬಾಯಿಬಿಟ್ಟು ಮಾತಾಡ್ತಿದ್ದಿದ್ದೇ ಅಪರೂಪ. ಆದ್ರೂ ಬ್ಲೇಡು ಸವೆದಿದೆ, ತಂದುಕೊಟ್ರೆ ನಾನೇ ಹಾಕಿಕೊಡ್ತೀನಿ ಅಂತ ನಮ್ಮ ಮೇಸ್ತ್ರಿಗೆ ಎರಡು ಸಲ ಹೇಳಿದ್ದ. ಇವನು ಕೇಳಬೇಕಲ್ಲ. ನಾನೇ ಮಾಡ್ಕೋತೀನಿ ಬಿಡು ಅಂದಿದ್ದ.

ಎರಡು ವರ್ಷದ ಹಿಂದೆ ಒಂದು ಮಳೆಗಾಲದ ಸಂಜೆ ದಾರಿ ಕಾಣದೆ ಇವನು ಕಾರನ್ನ ಗೇಟಿನ ಕಂಬಕ್ಕೆ ಉಜ್ಜಿಬಿಟ್ಟ. ಆರು ತಿಂಗಳಿಂದ ಬಡ್ಕೊಂಡೆ, ಒಂದು ವೈಪರ್ ಹಾಕಿಸೋಕಾಗಲಿಲ್ಲವಾ ಅಂತ ಹೆಂಡತಿ ರಾತ್ರಿಯೆಲ್ಲಾ ಅಂದಳು. ಮಾರನೇ ಬೆಳಗ್ಗೆ ನೋಡಿದ್ರೆ ಬ್ಲೇಡಿನ ರಬ್ಬರು ಅರ್ಧ ಕಿತ್ತು ಜೋತಾಡ್ತಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಹತ್ತು ಜನರ ಮುಂದೆ ನಿಂತು, ನೀನೇ ರಬ್ಬರು ಹಿಡಿದು ಎಳೆದು ಹರಿದಿದ್ದೀಯ, ಅದಕ್ಕೇ ನನ್ನ ಕಾರು ಗುದ್ದಿದ್ದು ಅಂತ ನೀರಣ್ಣನ ಮೇಲೆ ಕೂಗಾಡಿದ. ಅವನು ಒಂದೇ ಮಾತು ಹೇಳಿದ್ದು, ಸವೆದಿತ್ತು ಸಾರ್ ಅಂತ. ಯಾರು ಕೇಳ್ತಾರೆ? ಒಬ್ಬರು ಬೇಡ ಅಂದ್ರು, ಅವರನ್ನ ನೋಡಿ ಇನ್ನೊಬ್ಬರು. ವಾರದೊಳಗೆ ಹದಿನಾಲ್ಕು ಕಾರೂ ಅವನ ಕೈತಪ್ಪಿದವು. ಎರಡು ತಿಂಗಳಿಗೆ ಎದೆನೋವು ಅಂತ ಮಲಗಿದವನು ಏಳಲಿಲ್ಲ.

ಇಷ್ಟಾದ ಮೇಲೂ ಮೇಸ್ತ್ರಿ ಆ ಹಳೇ ಬ್ಲೇಡನ್ನ ಬದಲಾಯಿಸಿರಲಿಲ್ಲ ನೋಡಿ. ಕಿತ್ತ ರಬ್ಬರಿಗೆ ಗೋಂದು ಹಚ್ಚಿ ಕೂರಿಸಿದ್ದ. ನನಗೆ ಮೈ ಉರಿಯೋದು ಅದಕ್ಕೇ.

ಸರಿ, ಆ ರಾತ್ರಿಗೆ ಬರ್ತೀನಿ.

ಕಾರಿನ ಹತ್ತಿರ ಒಂದೇ ಟ್ಯೂಬ್‌ಲೈಟು. ಝೂಂ ಅಂತ ಸದ್ದು ಮಾಡ್ತಾ ಹೊತ್ತಿ ಆರ್ತಿತ್ತು. ಬೆಳಕು ಸಾಲದೆ ಟಾರ್ಚನ್ನ ಬಾಯಲ್ಲಿ ಕಚ್ಚಿಕೊಂಡು ನಿಂತ. ವೈಪರಿನ ಕಬ್ಬಿಣದ ತೋಳಿನ ತುದೀಲಿ ಒಂದು ಕೊಕ್ಕೆ ಇರುತ್ತೆ, ಬ್ಲೇಡು ಅದಕ್ಕೆ ಕೂರಬೇಕು. ಕೂರಲಿಲ್ಲ. ತಿರುಗಿಸಿ ಒತ್ತಿದ, ಕೂರಲಿಲ್ಲ. ಪೊಟ್ಟಣದ ಮೇಲಿನ ಚಿತ್ರ ನೋಡಿದ. ಚಿತ್ರದಲ್ಲಿ ಒಂದು ಕೈ, ಒಂದು ಬಾಣದ ಗುರುತು, ಅಷ್ಟೇ. ಬಾಣ ಯಾವ ಕಡೆ ಅಂತ ಅದನ್ನ ಬರೆದವನಿಗೂ ಗೊತ್ತಿರಲಿಕ್ಕಿಲ್ಲ. ಸಾಲದ್ದಕ್ಕೆ ಆ ತೋಳಿನ ಸ್ಪ್ರಿಂಗು ಹಾಳಾಗಿ ಎತ್ತಿದ್ರೆ ನಿಲ್ತಿರಲಿಲ್ಲ. ಒಂದು ಕೈಲಿ ತೋಳು ಹಿಡಿದು ಇನ್ನೊಂದು ಕೈಲಿ ಬ್ಲೇಡು ಒತ್ತಬೇಕು. ಬೆವರಿಗೆ ಕೈ ಜಾರ್ತು. ಬರೀ ಕಬ್ಬಿಣದ ತೋಳು ಹೋಗಿ ಗಾಜಿಗೆ ಬಡೀತು. ಟಣಕ್! ಗಾಜಿನ ಮೂಲೇಲಿ ಉಗುರಿನಷ್ಟು ಬಿರುಕು.

ಕೂತು ಅತ್ತುಬಿಟ್ಟೆ ಅಕ್ಕ ಅಂತ ಅವನೇ ನನಗೆ ಹೇಳಿದ. ನಲವತ್ತಾರು ವರ್ಷದ ಗಂಡಸು, ಬಂಪರಿಗೆ ಒರಗಿ ಕೂತು, ವೈಪರಿಗೋಸ್ಕರ. ಮೇಲೆ ಕಿಟಕೀಲಿ ಚಿಕ್ಕಮ್ಮ ಕೆಮ್ಮೋದು ಕೇಳಿಸ್ತಿತ್ತು. ಆ ಕೆಮ್ಮಿಗೇ ಎದ್ದ. ಮತ್ತೆ ಟಾರ್ಚು ಬಾಯಿಗೆ. ತೋಳು ಎತ್ತಿದ.

ಆಗ ಕಾರಿನ ಆ ಕಡೆಯಿಂದ ಯಾರೋ ಕೈ ಚಾಚಿ ತೋಳನ್ನ ಹಿಡ್ಕೊಂಡ್ರು.

ಗೇಟಿಗೆ ಬೀಗ ಹಾಕಿ ಬರ್ತೀನಿ ಅಂತ ಕಾವಲುಗಾರ ಹೇಳಿದ್ದ. ಅವನೇ ಅಂದ್ಕೊಂಡು ಇವನು ತಲೆ ಎತ್ತಲಿಲ್ಲ. ಟಾರ್ಚಿನ ಬೆಳಕು ಕೊಕ್ಕೆ ಮೇಲಿತ್ತು. ಅದರ ಅಂಚಲ್ಲಿ ನಾಲ್ಕು ಬೆರಳು ಕಾಣ್ತಿದ್ದವು. ತುಂಬಾ ಹೊತ್ತು ನೀರಲ್ಲಿದ್ರೆ ಬಿಳಿಚಿ ಸುಕ್ಕಾಗುತ್ತಲ್ಲ, ಹಾಗೆ.

"ಮೇಲಿಂದ ಒತ್ತಬೇಡಿ..." ಪಿಸುಮಾತು. "ಒಳಗೆ ತೂರಿಸಿ, ಮೇಲಕ್ಕೆ ಎಳೀರಿ."

ಎಳೆದ. ಟಿಕ್. ಕೂತ್ಕೊಂಡ್ತು.

ಗಿಡ್ಡದ್ದೂ ಹಾಗೇ ಆಯ್ತು. ಇವನು ಅದನ್ನ ಹಾಕಿ ಗಾಜಿನ ಮೇಲೆ ಇಳಿಸಿದ. ಉದ್ದದ್ದನ್ನ ಮಾತ್ರ ಆ ಕೈ ಇನ್ನೂ ಎತ್ತಿ ಹಿಡಿದಿತ್ತು. ಟಾರ್ಚನ್ನ ಬಾಯಿಂದ ತೆಗೆದು ಮೇಸ್ತ್ರಿ ಉಸ್ಸಪ್ಪಾ ಅಂದ. ಎರಡು ವರ್ಷದಿಂದ ಹೇಳಿ ಹೇಳಿ ಬಾಯಿಗೆ ರೂಢಿಯಾಗಿತ್ತಲ್ಲ, ಅದೇ ಬಂತು. ಆ ನೀರಣ್ಣ ಹರಿದು ಹಾಕಿದ್ದಕ್ಕೆ ನನಗೆ ಇಷ್ಟೆಲ್ಲಾ ಕರ್ಮ ಅಂದ.

ಟ್ಯೂಬ್‌ಲೈಟು ಆರಿತು. ಝೂಂ ನಿಂತ್ಹೋಯ್ತು.

"ನಾನು ಹರಿದಿಲ್ಲ ಸಾರ್. ಸವೆದಿತ್ತು."

 ಇವನಿಗೆ ಟಾರ್ಚು ಎತ್ತಿ ಬೆಳಕು ಬಿಡೋ ಧೈರ್ಯ ಬರಲಿಲ್ಲ. ಏನೂ ಆಗಿಲ್ಲ ಅನ್ನೋ ಹಾಗೆ ವೈಪರಿನ ತೋಳನ್ನ ಕೆಳಗೆ ಎಳೆದ... ಬರಲಿಲ್ಲ. ಎರಡೂ ಕೈ ಹಾಕಿ ಎಳೆದ. ಒಂದು ಕೂದಲಿನಷ್ಟೂ ಅಲ್ಲಾಡಲಿಲ್ಲ. ಮೇಲೆ ಚಿಕ್ಕಮ್ಮ ಮತ್ತೆ ಕೆಮ್ಮಿದರು.

"ನಿಮಗೆ ಗೊತ್ತಿತ್ತಾ ಸಾರ್?"

ನೋಡಿ, ಇಲ್ಲ ಅನ್ನಬಹುದಿತ್ತು. ಇಲ್ಲ ಅನ್ನೋದೇ ಬಾಯಿಗೆ ಬಂದಿತ್ತಂತೆ. ನಾಲ್ಕಕ್ಕೆ ಹೊರಡಬೇಕು, ವೈಪರ್ ಕೆಳಗಿಳೀಬೇಕು...

"ಗೊತ್ತಿತ್ತು."

"ಆವತ್ತೇ?"

"ಆವತ್ತೇ ಗೊತ್ತಿತ್ತು."

ಆಗ ಆ ಕೈ ತೋಳನ್ನ ಇಳಿಸಿತು. ಗಾಜಿಗೆ ತಾಗಿದ ಸದ್ದೂ ಆಗದಷ್ಟು ಮೆಲ್ಲಗೆ. ಲೈಟು ಹೊತ್ತಿಕೊಂಡ್ತು. ಕಾರಿನ ಆ ಕಡೆ ಯಾರೂ ಇಲ್ಲ. ಸ್ವಲ್ಪ ಹೊತ್ತಿಗೆ ಕಾವಲುಗಾರ ಕೀಲಿ ಝಣಝಣ ಅನ್ನಿಸ್ಕೊಂಡು ಬಂದ, ತಡವಾಯ್ತು ಸಾರ್, ಕಣ್ಣು ಹತ್ತಿಬಿಟ್ಟಿತ್ತು ಅಂದ.

ಬೆಳಗ್ಗೆ ನಾಲ್ಕೂವರೆಗೆ ಮಳೆ ಹಿಡೀತು. ಬೇಸಿನ್ನು ಬೋರಲು ಹಾಕಿದ ಹಾಗೆ. ವೈಪರು ಸುಯ್... ಟಪ್, ಸುಯ್... ಟಪ್ ಅಂತ ಒಂದು ಗೆರೆ ಬಿಡದೆ ಒರೆಸ್ತು. ಗಾಜು ಎಷ್ಟು ಚೆನ್ನಾಗಿದೆ, ಒಳಗೂ ಹೊರಗೂ ಯಾರೋ ಒರೆಸಿದ ಹಾಗಿದೆ ಅಂತ ಚಿಕ್ಕಮ್ಮ ಅಂದ್ರಂತೆ. ಇವನು ಒರೆಸಿರಲಿಲ್ಲ. ಆರಕ್ಕೆ ಹತ್ತು ನಿಮಿಷ ಇರುವಾಗ ತಲುಪಿದ್ರು. ಚಿಕ್ಕಮ್ಮ ಉಳ್ಕೊಂಡ್ರು.

ಈ ವಿಷಯ ಅವನು ಹೆಂಡತಿಗೂ ಹೇಳಲಿಲ್ಲ. ಹೇಳಿದ್ದು ನನ್ನೊಬ್ಬಳಿಗೆ, ಮೂರನೇ ದಿನ. ಅಕ್ಕ, ನೀರಣ್ಣನ ಹೆಂಡತಿ ಹತ್ತಿರ ಹೋಗಿ ಕ್ಷಮೆ ಕೇಳಬೇಕು, ಒಬ್ಬನೇ ಹೋಗೋಕೆ ಮುಖ ಇಲ್ಲ, ಬಾ ಅಂದ. ಹೋದೆ. ನಾನಂತೂ ಯಾರ ಮುಂದೆಯೂ ಪಿಟ್ಟೆಂದಿರಲಿಲ್ಲ.

ಚಿಕ್ಕ ಮನೆ, ಮುಂದೆ ಒಂದಿಷ್ಟು ಅಂಗಳ. ಆಕೆ ಮತ್ತು ಶಾಲೆಗೆ ಹೋಗೋ ಮಗಳು, ಇಬ್ಬರೇ ಇರೋದು. ಬಾಗಿಲಲ್ಲೇ ನಿಂತ್ಲು, ಒಳಗೆ ಕರೀಲಿಲ್ಲ. ಇವನು ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಬಂದಿದ್ದ. ಬಾಯಿ ತೆರೀತಿದ್ದ ಹಾಗೇ ಆಕೆ ತಡೆದ್ಲು.

"ಗೊತ್ತು. ಒಪ್ಪಿಕೊಂಡ್ರಂತಲ್ಲ."

ಯಾರು ಹೇಳಿದ್ದು ಅಂತ ಇವನು ಕೇಳಿದ. ಎರಡು ಸಲ ಕೇಳಿದ.

"ನನಗೆ ಹೇಳಿ ಏನಾಗಬೇಕು? ಉಳಿದ ಹದಿಮೂರು ಮನೆಗೆ ಹೋಗಿ ಹೇಳಿ."

ಹೋದ. ಅದೇ ಸಂಜೆ. ಒಂದೊಂದು ಬಾಗಿಲು ತಟ್ಟಿ, ನಾನು ಸುಳ್ಳು ಹೇಳಿದ್ದೆ, ಬ್ಲೇಡು ಸವೆದಿತ್ತು ಅಂದ. ಆರು ಮನೆಯವರಿಗೆ ನೀರಣ್ಣ ಅಂದ್ರೆ ಯಾರು ಅಂತಲೇ ನೆನಪಾಗಲಿಲ್ಲ. ಒಬ್ಬರು ಹೌದಾ, ಪಾಪ ಅಂತ ಬಾಗಿಲು ಹಾಕ್ಕೊಂಡ್ರು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಯಾರ ಮೇಲೆ ರೇಗಬೇಕು ಅಂತ ಗೊತ್ತಾಗದೆ ಮೆಟ್ಟಿಲ ಮೇಲೆ ಕೂತಿದ್ವಿ ನಾವಿಬ್ಬರೂ.

ಒಂದು ಮಾತು ಮಾತ್ರ ನಾನು ಅವನಿಗೆ ಇವತ್ತಿಗೂ ಹೇಳಿಲ್ಲ. ನಾನು ಬಟ್ಟೆ ಹೊಲಿಯೋಳು, ಎಲ್ಲಿ ಹೋದ್ರೂ ಕಣ್ಣು ಬಟ್ಟೆ ಮೇಲೇ. ಆ ದಿನ ಆಕೆಯ ಅಂಗಳದ ಹಗ್ಗದ ಮೇಲೆ ಒಂದು ಗಂಡಸಿನ ಶರ್ಟು ನೇತಾಡ್ತಿತ್ತು. ಹಳೇದು, ನೀಲಿ. ಹೊರಡುವಾಗ ಭುಜಕ್ಕೆ ತಾಗ್ತು, ಒದ್ದೆ ಇತ್ತು. ಎರಡು ತೋಳನ್ನೂ ಮೊಣಕೈವರೆಗೆ ಮಡಿಸಿತ್ತು. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು, ನಾನು ಕಣ್ಣಾರೆ ನೋಡಿದ್ದೀನಿ. ಒಗೆದ ಶರ್ಟಿನ ತೋಳನ್ನ ಯಾರೂ ಮಡಿಸಿ ಒಣಗಹಾಕಲ್ಲ.